ಗಾಡಿಯೊಳಗೊಂದು ಮನೆ: ಎಷ್ಟು ದೊಡ್ಡದಿರಬೇಕು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮನೆಯಲ್ಲಿ ಟ್ರಿಪ್ಪಿನ ಮಾತು ಏಳುವುದು ಹೊಸದೇನಲ್ಲ. ಆದರೆ ಈಚೆಗೆ ಆ ಮಾತಿಗೆ ಒಂದು ಬಾಲ ಸೇರಿಕೊಂಡಿದೆ. 'ಲಾಡ್ಜು, ಹೋಟೆಲು ಯಾಕೆ? ಒಂದು ವ್ಯಾನ್ ತಗೊಂಡು ಒಳಗೇ ಮಂಚ, ಒಲೆ ಹಾಕಿಸಿಬಿಡೋಣ' ಅಂತ. ನಿಮ್ಮ ಯಜಮಾನರೂ ಮೊಬೈಲಿನಲ್ಲಿ ಇಂಥ ವಿಡಿಯೋ ನೋಡುತ್ತಾ ತಟ್ಟೆಯಲ್ಲಿನ ಸಾರನ್ನ ಆರಿಸುತ್ತಿದ್ದಾರೆಯೇ? ಹಾಗಾದರೆ ಈ ಲೇಖನ ನಿಮಗೇ.

ನಮ್ಮ ಮನೆಯಲ್ಲಿ ಈ ಮಾತು ಎದ್ದು ಆರು ತಿಂಗಳಾಯಿತು. ಮಾವನವರು ನಿವೃತ್ತರಾದರು, ಕೈಗೆ ಗ್ರ್ಯಾಚುಟಿ ಹಣ ಬಂತು, ಜೊತೆಗೇ ವ್ಯಾನಿನ ಆಸೆಯೂ ಬಂತು. ನಾನು ಮೊದಲು ನಕ್ಕೆ. ಆಮೇಲೆ ಅತ್ತೆಯವರು ಒಂದು ಮಾತು ಹೇಳಿದರು: 'ನಂಗೆ ಹೊರನಾಡು, ಶೃಂಗೇರಿ ನೋಡ್ಬೇಕು ಕಣೆ. ಆದ್ರೆ ದಾರೀಲಿ ಬಾತ್‌ರೂಮಿಗೆ ಎಲ್ಲಿ ಹೋಗೋದು ಅಂತಾನೇ ಬೇಡ ಅಂತೀನಿ.' ಮಂಡಿ ನೋವಿನ ಅವರಿಗೆ ನೆಲಮಟ್ಟದ ಕಕ್ಕಸಿನಲ್ಲಿ ಕೂತು ಏಳಲಾಗದು. ಪ್ರಯಾಣದ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ತುಟಿ ಒಣಗಿಸಿಕೊಂಡು ಕೂರುವ ಹೆಂಗಸರು ಎಷ್ಟು ಮನೆಯಲ್ಲಿಲ್ಲ ಹೇಳಿ? ಆಗ ನಾನೂ ಅಳತೆ ಟೇಪು ಹಿಡಿದೆ.

ಗಂಡಸರು ವ್ಯಾನ್ ಆರಿಸುವಾಗ ಎಂಜಿನ್, ಮೈಲೇಜ್, ಹೆಚ್ಚೆಂದರೆ ಮಂಚದ ಬಗ್ಗೆ ಯೋಚಿಸುತ್ತಾರೆ. ನನ್ನನ್ನು ಕೇಳಿದರೆ ಗಾಡಿಯ ಗಾತ್ರವನ್ನು ತೀರ್ಮಾನಿಸಬೇಕಾದದ್ದು ಟಾಯ್ಲೆಟ್ಟು. ಅದು ಒಳಗೆ ಬೇಕೋ ಬೇಡವೋ ಎಂಬುದು ಇತ್ಯರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಬೇಡ ಅನ್ನುವುದಾದರೆ ಸಣ್ಣ ಗಾಡಿಯೇ ಸಾಕು. ನಮಗೆಲ್ಲ ಪರಿಚಯದ ಮಾರುತಿ ಓಮ್ನಿ 1984ರಲ್ಲಿ ಬಂದು 2019ರಲ್ಲಿ ನಿಂತುಹೋಯಿತು. 2010ರಲ್ಲಿ ಬಂದ ಈಕೋ ಉಂಟಲ್ಲ, ಅದರ ಉದ್ದ ಸುಮಾರು 12 ಅಡಿ, ಅಗಲ 4 ಅಡಿ 10 ಅಂಗುಲ. ಹಿಂದಿನ ಸೀಟು ಮಡಚುವಂತೆಯೋ ತೆಗೆಯುವಂತೆಯೋ ಇದ್ದರೆ ಗಂಡ ಹೆಂಡತಿ ಇಬ್ಬರು ಮಲಗಬಹುದು. ಎದ್ದು ನಿಲ್ಲುವಂತಿಲ್ಲ, ಸೀರೆ ಬದಲಿಸುವುದಂತೂ ಸರ್ಕಸ್ಸೇ ಸರಿ. ಅಡುಗೆ ಏನಿದ್ದರೂ ಹಿಂದಿನ ಬಾಗಿಲು ಎತ್ತಿ, ಹೊರಗೆ ನಿಂತು. ಆದರೂ ಮಕ್ಕಳು ದೊಡ್ಡವರಾಗಿ ಇಬ್ಬರೇ ಉಳಿದ ಮನೆಗೆ ಇದು ಕೆಟ್ಟ ಆಯ್ಕೆಯಲ್ಲ. ಉಳಿದ ದಿನ ತರಕಾರಿ ತರುವುದಕ್ಕೂ ಆಗುತ್ತದೆ, ಗಾಂಧಿ ಬಜಾರಿನ ಸಂದಿಯಲ್ಲೂ ನಿಲ್ಲುತ್ತದೆ.

ಟಾಯ್ಲೆಟ್ ಬೇಕೇ ಬೇಕು ಅನ್ನುವವರು ಟೆಂಪೋ ಟ್ರಾವೆಲರ್, ಅಂದರೆ ನಮ್ಮ ಬಾಯಲ್ಲಿ 'ಟಿಟಿ', ಇಲ್ಲವೇ ಅದರ ಹೊಸ ತಮ್ಮ ಅರ್ಬೇನಿಯಾದ ಕಡೆಗೆ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ. ಶೋರೂಮಿನಲ್ಲಿ 3350, 4020, 4400 ಎಂದೆಲ್ಲ ಹೇಳುತ್ತಾರೆ. ಅದು ಗಾಡಿಯ ಉದ್ದವಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅದೂ ಮಿಲಿಮೀಟರಿನಲ್ಲಿ. 3350 ಅಂದರೆ 11 ಅಡಿ, 4400 ಅಂದರೆ ಸುಮಾರು ಹದಿನಾಲ್ಕೂವರೆ ಅಡಿ. ಮುಂದಿನ ಮೂತಿ, ಹಿಂದಿನ ಬಾಲ ಸೇರಿಸಿದರೆ 4400ರ ಅರ್ಬೇನಿಯಾ ಸುಮಾರು 23 ಅಡಿಗೆ ಹೋಗುತ್ತದೆ. 'ಒಟ್ಟು ಉದ್ದ ಎಷ್ಟು?' ಅಂತ ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ.

ಅಗಲದ ವಿಷಯ ಇನ್ನೂ ಸೂಕ್ಷ್ಮ. ಟ್ರಾವೆಲರ್ ಹೊರಗಿನಿಂದ 6 ಅಡಿ 3 ಅಂಗುಲ, ಅರ್ಬೇನಿಯಾ 6 ಅಡಿ 10 ಅಂಗುಲದಷ್ಟು. ಬಿಸಿಲು ತಡೆಯಲು ಒಳಗೆ ಥರ್ಮಾಕೋಲಿನಂಥದ್ದು ತುಂಬಿ ಪ್ಲೈವುಡ್ ಹೊಡೆದರೆ ಎರಡೂ ಕಡೆ ಅಂಗುಲಗಟ್ಟಲೆ ಹೋಗುತ್ತದೆ. ಟ್ರಾವೆಲರ್‌ನಲ್ಲಿ ಅಡ್ಡಕ್ಕೆ ಮಂಚ ಹಾಕಿದರೆ ಐದೂ ಕಾಲು ಅಡಿಯವರು ಮಲಗಿಯಾರು, ಆರಡಿಯವರು ರಾತ್ರಿಯಿಡೀ ಮಂಡಿ ಮಡಚಿಕೊಂಡಿರಬೇಕು. ಆಗ ಮಂಚವನ್ನು ಉದ್ದಕ್ಕೆ ಹಾಕಬೇಕು. ಉದ್ದಕ್ಕೆ ಹಾಕಿದರೆ ನಿಮ್ಮ ಅಡುಗೆ ಕಟ್ಟೆಯ ಜಾಗ ಹೋಯಿತು! ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಯಾರೋ ಅವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಒಳಗೆ ನಿಲ್ಲಿಸಿ ನೋಡಿ.

ಅತ್ತೆ ಮಾವನನ್ನೂ ಕರೆದೊಯ್ಯಿರಿ. ಮೊದಲ ಮೆಟ್ಟಿಲಿನ ಎತ್ತರ ಅಳೆಯಿರಿ. ನಿಮ್ಮ ಮನೆಯ ಹೊಸ್ತಿಲಿನ ಮೆಟ್ಟಿಲಿಗಿಂತ ಹೆಚ್ಚಿದ್ದರೆ ಕೆಳಗೊಂದು ಮಡಚುವ ಮೆಟ್ಟಿಲು, ಪಕ್ಕದಲ್ಲಿ ಗಟ್ಟಿ ಹಿಡಿಕೆ ಬೇಕು. ಟಾಯ್ಲೆಟ್ಟಿನ ಗೂಡಿಗೆ ಎರಡೂವರೆ ಅಡಿಗೆ ಮೂರಡಿಯಾದರೂ ಬಿಡಿ. ವಯಸ್ಸಾದವರಿಗೆ ಕೂತು ಏಳಲು ಅಲ್ಲೂ ಹಿಡಿಕೆ ಇರಲಿ. ಕೆಳಗೆ ತೊಟ್ಟಿ ಇರುವ, ತೆಗೆದು ಖಾಲಿ ಮಾಡುವ ಪೋರ್ಟಬಲ್ ಟಾಯ್ಲೆಟ್ ಸಿಗುತ್ತದೆ. ಅದನ್ನು ಖಾಲಿ ಮಾಡುವವರು ಯಾರು ಎಂಬುದನ್ನು ಗಾಡಿ ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಆ ಕೆಲಸ ಯಾರ ತಲೆಗೆ ಬರುತ್ತದೆ ಅಂತ ನಾನು ಹೇಳಬೇಕೇ?

ಅಳತೆ ಕಾಗದದ ಮೇಲೆ ಅರ್ಥವಾಗುವುದಿಲ್ಲ ಅನ್ನುವವರಿಗೆ ಒಂದು ಉಪಾಯ. ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಗಾಡಿಯ ಒಳ ಅಳತೆ ಬರೆಯಿರಿ. ಮಂಚ, ಕಟ್ಟೆ, ಟಾಯ್ಲೆಟ್ ಎಲ್ಲವನ್ನೂ ಗೆರೆ ಎಳೆದು ಗುರುತಿಸಿ. ಒಂದು ಭಾನುವಾರ ಸಂಜೆ ಮನೆಮಂದಿಯೆಲ್ಲ ಆ ಗೆರೆಯೊಳಗೇ ಕಾಫಿ ಮಾಡಿ, ಉಪ್ಪಿಟ್ಟು ತಿಂದು, ಚಾಪೆ ಹಾಸಿ ನೋಡಿ. ಗೆರೆ ದಾಟುವಂತಿಲ್ಲ! ನಮ್ಮ ಮನೆಯಲ್ಲಿ ಹತ್ತೇ ನಿಮಿಷಕ್ಕೆ ನಾನು ಒಲೆಯ ಮುಂದೆ ನಿಂತರೆ ಯಾರೂ ಆಚೆ ಈಚೆ ಹೋಗಲಾಗದು ಅನ್ನುವುದು ಗೊತ್ತಾಯಿತು. ಮಾವನವರು ಆವತ್ತೇ ಮಂಚದ ಜಾಗ ಬದಲಿಸಿದರು.

ತೂಕದ ಲೆಕ್ಕ ನಾವು ಹೆಂಗಸರು ಬೇಗ ಹಿಡಿಯುತ್ತೇವೆ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ನೂರು ಲೀಟರಿನ ಟ್ಯಾಂಕ್ ಇಟ್ಟರೆ 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ ಹೇರಿದ ಹಾಗೆ. ಇದಕ್ಕೆ ಬ್ಯಾಟರಿ, ಮರದ ಕೆಲಸ, ಆಮೇಲೆ ನಾವು, ನಮ್ಮ ಕುಕ್ಕರು. ಸಣ್ಣ ವ್ಯಾನಿಗೆ ಎಲ್ಲವನ್ನೂ ತುರುಕಿದರೆ ಘಾಟಿಯಲ್ಲಿ ಬ್ರೇಕಿಗೆ ಕಷ್ಟ. ಇಂಡಕ್ಷನ್ ಒಲೆ ಇಡೋಣ ಅಂದರೆ ಅದು ಸುಮಾರು 1,800 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1,200 ವ್ಯಾಟ್-ಅವರ್. ಪೂರಾ ಹಿಂಡಿದರೂ ನಲವತ್ತು ನಿಮಿಷ ಬಾರದು. ಅನ್ನ, ಸಾರು ಮುಗಿಯುವಷ್ಟರಲ್ಲಿ ಬ್ಯಾಟರಿಯೂ ಮುಗಿದಿರುತ್ತದೆ. ಗ್ಯಾಸ್ ಒಲೆಯಾದರೆ ಕಿಟಕಿ ಮುಚ್ಚಿಕೊಂಡು ಹಚ್ಚಲೇಬೇಡಿ, ಮಲಗುವಾಗ ಸಿಲಿಂಡರ್ ವಾಲ್ವ್ ಬಂದ್ ಮಾಡಿ.

ಇನ್ನು ಗಾಡಿ ಊರಿನಲ್ಲಿರುವ ದಿನಗಳ ಮಾತು. ವರ್ಷಕ್ಕೆ ಮೂವತ್ತು ದಿನ ಊರೂರು ಸುತ್ತಿದರೂ ಉಳಿದ ದಿನ ಅದು ನಿಲ್ಲಬೇಕಾದ್ದು ನಮ್ಮ ಬೀದಿಯಲ್ಲೇ. ಚಾಮರಾಜಪೇಟೆ 1892ರ ಬಡಾವಣೆ. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ನಂತರ ಬೆಳೆದವು. ಕುದುರೆ ಗಾಡಿಯ ಕಾಲದ ರಸ್ತೆಗಳು. ಈಗ ಎರಡೂ ಬದಿ ಕಾರು ನಿಂತು ನಡುವೆ ಒಂದು ಆಟೋ ಹೋಗುವಷ್ಟು ಜಾಗ. ಮನೆ ಹಿಂದಿನ ಕನ್ಸರ್ವೆನ್ಸಿ ಓಣಿಯ ಆಸೆ ಬಿಡಿ. 30x40 ನಿವೇಶನದ ಪೋರ್ಟಿಕೋದಲ್ಲಿ 23 ಅಡಿಯ ಗಾಡಿ ಹಿಡಿಸದು. ಮೂತಿ ಗೇಟಿನಾಚೆ, ಮೂತಿಯ ಮೇಲೆ ಪಕ್ಕದ ಮನೆಯವರ ಕಣ್ಣು. ಎತ್ತರವೂ ಎಂಟಡಿ ದಾಟುವುದರಿಂದ ಬೀದಿ ಮರದ ಕೊಂಬೆ, ಕೇಬಲ್ ತಂತಿ ನೋಡಿಕೊಳ್ಳಬೇಕು. ಒಬ್ಬರು ಟಿಟಿ ಬಾಡಿಗೆಗೆ ಪಡೆದು ನಿಮ್ಮ ಮನೆ ಗೇಟಿನ ತನಕ ಒಮ್ಮೆ ತರಿಸಿ ನೋಡಿ. ಹೊರಗೆ ಜಾಗ ಬಾಡಿಗೆಗೆ ಹಿಡಿಯುವುದಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಾಕಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲೂ ಉದ್ದ ಗಾಡಿಗಿಂತ ಗಿಡ್ಡ ಗಾಡಿಯೇ ವಾಸಿ. ನಾಲ್ಕು ಜನರ ಮನೆಗೆ ನನ್ನ ಓಟು 3350ರ ಗಾಡಿಗೆ. ಮಕ್ಕಳಿಗೆ ಡೇರೆ ಹಾಕಿಕೊಡಿ, ಖುಷಿಯಿಂದ ಮಲಗುತ್ತವೆ.

ಗಾತ್ರ ಗೊತ್ತಾಯಿತೆಂದು ಕಲಾಸಿಪಾಳ್ಯದ ಯಾವುದೋ ಗ್ಯಾರೇಜಿಗೆ ಮುಂಗಡ ಕೊಟ್ಟುಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ತಮ್ಮಿಷ್ಟಕ್ಕೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಎಂದಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆದರೆ ಮಾವನವರ ಗ್ರ್ಯಾಚುಟಿಗೆ ಯಾರು ಹೊಣೆ? ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರ ಪ್ರಮಾಣಪತ್ರ ಇರುವವರ ಬಳಿಯೇ ಮಾಡಿಸಿ, ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಲೈಸೆನ್ಸಿನ ಚಿಂತೆ ಬೇಡ. ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ನಡೆಯುತ್ತದೆ.

ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಕೊಡುವವರಿದ್ದಾರೆ. ಕೇರಳ ಸರ್ಕಾರವಂತೂ 2021ರಲ್ಲಿ ಇದಕ್ಕೆಂದೇ ಪ್ರವಾಸೋದ್ಯಮ ನೀತಿ ತಂದಿತು. ಲಕ್ಷಗಟ್ಟಲೆ ಸುರಿಯುವ ಮೊದಲು ಎರಡು ರಾತ್ರಿ ಬಾಡಿಗೆಯ ಗಾಡಿಯಲ್ಲಿ ಮಲಗಿ ಬನ್ನಿ. ನಾವು ಮುಂದಿನ ತಿಂಗಳು ಹೊರನಾಡಿಗೆ ಹೊರಟಿದ್ದೇವೆ, ಬಾಡಿಗೆಯದರಲ್ಲೇ. ಗೂಡಿನಲ್ಲಿ ಹಿಡಿಕೆ ಇದೆಯಾ ಅಂತ ಅತ್ತೆಯವರು ಆಗಲೇ ಎರಡು ಸಲ ಫೋನ್ ಮಾಡಿಸಿ ಕೇಳಿದ್ದಾರೆ.