ಕಾಫಿ ತೋಟದ ಉಪಕರಣಗಳಿಗೆ ಸೂಕ್ತ ಅಳತೆಯ ಟ್ರೇಲರ್

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಭಾಗದ ಕಾಫಿ ಬೆಳೆಗಾರರು ಟ್ರ್ಯಾಕ್ಟರಿಗೆ ಟ್ರೇಲರ್ ಖರೀದಿಸುವಾಗ ಉದ್ದಗಲಕ್ಕಿಂತ ಮೊದಲು ಹೊರೆಯ ತೂಕವನ್ನು ಲೆಕ್ಕ ಹಾಕತಕ್ಕದ್ದು. ಕಳೆ ಕತ್ತರಿಸುವ ಯಂತ್ರ, ಏಣಿ, ಸ್ಪ್ರೇಯರ್ ಇವುಗಳಿಗೆ ಸ್ಥಳ ಬೇಕು, ತೂಕ ಅಲ್ಪ. ನಿಜವಾದ ಭಾರ ನೀರಿನದು. ಮಳೆಗಾಲಕ್ಕೆ ಮುನ್ನ ಸಿಂಪಡಿಸುವ ಬೋರ್ಡೋ ದ್ರಾವಣದ 200 ಲೀಟರಿನ ಒಂದು ಬ್ಯಾರಲ್ 200 ಕಿಲೋಗ್ರಾಂ ಮೀರುತ್ತದೆ. ಐದು ಬ್ಯಾರಲ್ ಎಂದರೆ ಒಂದು ಟನ್ನಿಗೂ ಅಧಿಕ. ಅರ್ಧ ತುಂಬಿದ ಬ್ಯಾರಲ್ ತಿರುವಿನಲ್ಲಿ ತುಳುಕಿ ಟ್ರೇಲರನ್ನು ಓಲಾಡಿಸುತ್ತದೆ.

ಏರು ಹತ್ತುವುದೇ ಎಂಬುದನ್ನಷ್ಟೇ ನೋಡಿ ಕೊಳ್ಳುವವರುಂಟು. ಆದರೆ ಇಳಿಜಾರಿನಲ್ಲಿ ಅತಿಭಾರದ ಟ್ರೇಲರ್ ಟ್ರ್ಯಾಕ್ಟರನ್ನೇ ಹಿಂದಿನಿಂದ ನೂಕುತ್ತದೆ. ಆದ್ದರಿಂದ ಟ್ರ್ಯಾಕ್ಟರ್ ತಯಾರಕರು ನಿಗದಿಪಡಿಸಿದ ಎಳೆಯುವ ಮಿತಿಯೊಳಗಿನ ಟ್ರೇಲರನ್ನೇ ಆಯ್ಕೆ ಮಾಡುವುದು.

ಟ್ರೇಲರಿಗೂ ಪ್ರತ್ಯೇಕ ನೋಂದಣಿ ಅವಶ್ಯ. ಅರ್ಜಿಯನ್ನು ನಮೂನೆ 20ರಲ್ಲಿ ಸಲ್ಲಿಸತಕ್ಕದ್ದು. ನೋಂದಣಿ ಪತ್ರದಲ್ಲಿನ ಒಟ್ಟು ತೂಕದಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುತ್ತದೆ. ಹೊರೆಯ ಮೇಲೆ ಕಾರ್ಮಿಕರನ್ನು ಕೂರಿಸತಕ್ಕದ್ದಲ್ಲ.