ಮಾತ್ರೆ ನಿಂತರೂ ಮುಗಿಯದ ಲೆಕ್ಕ: ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳ ದೀರ್ಘಕಾಲದ ಪರಿಣಾಮ

ದಾವಣಗೆರೆ: ಮಧ್ಯ ಕರ್ನಾಟಕದ ಜನರಿಗೆ ದಾವಣಗೆರೆ ಬೆಣ್ಣೆದೋಸೆಯ ಊರು ಮಾತ್ರವಲ್ಲ, ಆಸ್ಪತ್ರೆಗಳ ಊರೂ ಹೌದು. 1965ರಲ್ಲಿ ಆರಂಭಗೊಂಡ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, 2006ರಲ್ಲಿ ಬಂದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವುಗಳನ್ನು ನೆಚ್ಚಿ ಹರಿಹರ, ಹೊನ್ನಾಳಿ, ಜಗಳೂರುಗಳಿಂದಲೂ ತುಂಗಭದ್ರೆಯಾಚೆಯ ರಾಣೆಬೆನ್ನೂರಿನಿಂದಲೂ ರೋಗಿಗಳು ಬರುತ್ತಾರೆ. ಹೀಗೆ ಬಂದು ಹೋಗುವ ಕೆಲವರ ಕೈಚೀಲದಲ್ಲಿರುವ ಮಾತ್ರೆ ಉಳಿದ ಮಾತ್ರೆಗಳಂತಲ್ಲ. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ರೋಗಾಣುವಿನೊಡನೆ ಹೋರಾಡಬೇಕಾದ ದೇಹದ ಪಡೆಯನ್ನೇ ತಗ್ಗಿಸುತ್ತದೆ.

ಹಾಗೇಕೆ ತಗ್ಗಿಸಬೇಕು? ರುಮಟಾಯ್ಡ್ ಸಂಧಿವಾತ, ಲೂಪಸ್, ಚರ್ಮದ ಮೇಲೆ ಬೊಬ್ಬೆಗಳೇಳುವ ಪೆಂಫಿಗಸ್ ಮುಂತಾದ ಕಾಯಿಲೆಗಳಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಗಗಳ ಮೇಲೆ ತಿರುಗಿ ಬೀಳುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಹೊಸ ಅಂಗವನ್ನು ಪರಕೀಯವೆಂದು ಬಗೆದು ಹೊರದೂಡಲು ಯತ್ನಿಸುತ್ತದೆ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ನೀಡಿ ಅಚ್ಚರಿಯ ಫಲ ಕಂಡರು. 1950ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಬಳಿಕ ಅಜಥಿಯೋಪ್ರಿನ್, ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ರಿಟುಕ್ಸಿಮ್ಯಾಬ್ ಒಂದೊಂದಾಗಿ ಸೇರಿಕೊಂಡವು. ಇವು ಲಕ್ಷಾಂತರ ಜೀವಗಳನ್ನು ಉಳಿಸಿದ ಔಷಧಗಳು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ರೋಗಿಗಳಿಗೆ ಸಾಮಾನ್ಯವಾಗಿ ತಿಳಿಯದೇ ಹೋಗುವ ಸಂಗತಿ ಬೇರೆಯಿದೆ. ಕೊನೆಯ ಮಾತ್ರೆ ನುಂಗಿದ ದಿನಕ್ಕೆ ಔಷಧದ ಪ್ರಭಾವ ಮುಗಿಯುವುದಿಲ್ಲ. ರಿಟುಕ್ಸಿಮ್ಯಾಬ್ ರಕ್ತದಲ್ಲಿನ ಬಿ ಜೀವಕೋಶಗಳನ್ನು ಬಹುತೇಕ ಅಳಿಸಿಹಾಕುತ್ತದೆ. ಅವು ಮರಳಿ ಬರಲು ಆರು ತಿಂಗಳಿಂದ ಒಂದು ವರ್ಷ ಬೇಕು. ಪದೇ ಪದೇ ಪಡೆದ ಕೆಲವರಲ್ಲಿ ಪ್ರತಿಕಾಯಗಳ ಪ್ರಮಾಣ ವರ್ಷಗಟ್ಟಲೆ ಕಡಿಮೆಯಾಗಿಯೇ ಉಳಿಯುವುದುಂಟು. ಸೈಕ್ಲೋಫಾಸ್ಫಮೈಡ್ ಪಡೆದವರಿಗೆ ಎಷ್ಟೋ ವರ್ಷಗಳ ನಂತರ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಕಸಿ ಮಾಡಿಸಿಕೊಂಡವರ ಮಾತಂತೂ ಬೇರೆಯೇ. ಅವರು ಕಸಿಯಾದ ಅಂಗ ಕೆಲಸ ಮಾಡುವಷ್ಟು ಕಾಲವೂ ಮಾತ್ರೆ ಬಿಡುವಂತಿಲ್ಲ.

ಇನ್ನು ಸ್ಟೀರಾಯ್ಡ್. ಪ್ರೆಡ್ನಿಸೋಲೋನ್ ಮಾತ್ರೆಯನ್ನು ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಸೇವಿಸಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ನಿಧಾನಕ್ಕೆ ನಿಲ್ಲಿಸಿಬಿಡಬಹುದು. ಹೊರಗಿನಿಂದ ಸರಬರಾಜಾಗುತ್ತಿರುವಾಗ ಒಳಗೆ ದುಡಿಯುವುದೇಕೆ! "ನೋವು ಹೋಯಿತಲ್ಲ" ಎಂದು ರೋಗಿ ಒಂದು ದಿನ ತಾನಾಗಿ ಮಾತ್ರೆ ಬಿಟ್ಟರೆ ಆ ಗ್ರಂಥಿಗಳು ಥಟ್ಟನೆ ಎಚ್ಚರಗೊಳ್ಳುವುದಿಲ್ಲ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆ ನಡುವೆ ಜ್ವರವೋ, ಶಸ್ತ್ರಚಿಕಿತ್ಸೆಯೋ, ಅಪಘಾತವೋ ಎದುರಾದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದಲೇ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.

ವಿಚಿತ್ರವೆಂದರೆ, ತಾನು ಸ್ಟೀರಾಯ್ಡ್ ಸೇವಿಸುತ್ತಿದ್ದೇನೆ ಎಂಬುದೇ ಗೊತ್ತಿಲ್ಲದವರೂ ಇದ್ದಾರೆ. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ, ಚೀಟಿಯಿಲ್ಲದೆ ಕೊಂಡ ಸಣ್ಣ ಬಿಳಿ ಮಾತ್ರೆ. ಎರಡೇ ದಿನದಲ್ಲಿ ಗುಣ! ವೈದ್ಯರ ಚೀಟಿಯಿಲ್ಲದೆ ಈ ಔಷಧಗಳನ್ನು ಮಾರುವಂತಿಲ್ಲ ಎಂಬುದು ಕಾನೂನು. ಮುಖ ಚಂದ್ರನಂತೆ ದುಂಡಗಾಗತೊಡಗಿದಾಗ, ಸಕ್ಕರೆ ಕಾಯಿಲೆ ಹಠಾತ್ತನೆ ಕಾಣಿಸಿಕೊಂಡಾಗ ಪುಡಿಯ ಗುಟ್ಟು ಬಯಲಾಗುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಸ್ಟೀರಾಯ್ಡೂ ಕೂಡಿದಲ್ಲಿ ಕಪ್ಪು ಶಿಲೀಂಧ್ರ ಹೇಗೆ ಮೂಗು, ಕಣ್ಣುಗಳನ್ನು ನುಂಗಿತು ಎಂಬುದನ್ನು 2021ರಲ್ಲಿ ರಾಜ್ಯವೇ ಕಂಡಿತು.

ದೇಹದಲ್ಲಿ ಮೊದಲಿನಿಂದಲೇ ಮಲಗಿರುವ ಸೋಂಕುಗಳದ್ದು ಇನ್ನೊಂದು ಕಥೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಕ್ಷಯದ ಬ್ಯಾಕ್ಟೀರಿಯಾ ದೇಹ ಹೊಕ್ಕರೂ ಕಾಯಿಲೆಯಾಗದೆ ಉಳಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಕಾವಲುಗಾರನೇ ನಿದ್ದೆಗೆ ಜಾರಿದರೆ ಈ ಬ್ಯಾಕ್ಟೀರಿಯಾ ಎದ್ದು ಕೂರುತ್ತದೆ. ಆದ್ದರಿಂದ ಪ್ರಬಲ ಔಷಧ ಆರಂಭಿಸುವ ಮುನ್ನ ಎದೆಯ ಕ್ಷ-ಕಿರಣ, ಕ್ಷಯ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ನಡೆಸುವುದು ವಾಡಿಕೆ. ಇದನ್ನು ಅನಾವಶ್ಯಕ ಖರ್ಚೆಂದು ಗೊಣಗುವವರಿದ್ದಾರೆ.

ಹರಿಹರ, ದಾವಣಗೆರೆ ಸುತ್ತಿನ ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸಂಬಂಧಿಸಿದಂತೆ ಮತ್ತೊಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಟ್ರಾಂಗಿಲಾಯ್ಡಿಸ್ ಎಂಬ ಸಣ್ಣ ಹುಳು ಮಲದಿಂದ ಕಲುಷಿತವಾದ ಒದ್ದೆ ಮಣ್ಣಿನಲ್ಲಿದ್ದು, ಬರಿಗಾಲಿನ ಚರ್ಮದ ಮೂಲಕ ಒಳನುಸುಳುತ್ತದೆ. ಭತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿದವರಿಗೆ ಇದರ ಸಂಭವವಿದೆ. ಇತರ ಹುಳುಗಳಂತಲ್ಲದೆ ಇದು ಕರುಳಿನೊಳಗೇ ಮರಿಮಾಡಿಕೊಂಡು ದಶಕಗಳ ಕಾಲ ಸದ್ದಿಲ್ಲದೆ ಇರಬಲ್ಲದು. ಗದ್ದೆ ಬಿಟ್ಟು ಪೇಟೆ ಸೇರಿ ಇಪ್ಪತ್ತು ವರ್ಷವಾದ ಮೇಲೂ ಸ್ಟೀರಾಯ್ಡ್ ಆರಂಭಿಸಿದರೆ ಹುಳುಗಳು ಮಿತಿಮೀರಿ ಹೆಚ್ಚಿ ಶ್ವಾಸಕೋಶ, ಮೆದುಳಿಗೂ ಹಬ್ಬಬಹುದು. ಆ ಹಂತ ಮುಟ್ಟಿದರೆ ಬದುಕುಳಿಯುವುದು ಕಷ್ಟ. ಐವರ್ಮೆಕ್ಟಿನ್ ಇದಕ್ಕೆ ಉತ್ತಮ ಔಷಧ. ಜಂತುಹುಳಕ್ಕೆಂದು ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್‌ನ ಒಂದು ಮಾತ್ರೆ ಸಾಲದು. ಹಿಂದೆ ಗದ್ದೆಗೆ ಇಳಿದಿದ್ದರೆ ಆ ವಿಷಯವನ್ನು ವೈದ್ಯರಿಗೆ ರೋಗಿಯೇ ಹೇಳಬೇಕಾಗುತ್ತದೆ. ರಕ್ತ ಪರೀಕ್ಷೆಯ ಸಾಮಾನ್ಯ ಪಟ್ಟಿಯಲ್ಲಿ ಈ ಹುಳುವಿನ ಹೆಸರು ಇರುವುದಿಲ್ಲ.

ಸ್ಟೀರಾಯ್ಡ್ ಜ್ವರವನ್ನೂ ಉರಿಯೂತವನ್ನೂ ಮುಚ್ಚಿಡುವುದರಿಂದ ಇಂಥವರಲ್ಲಿ ಸಣ್ಣ ಜ್ವರವನ್ನೂ ಲಘುವಾಗಿ ಎಣಿಸುವಂತಿಲ್ಲ. ಸರ್ಪಸುತ್ತು ಇವರನ್ನು ಹೆಚ್ಚಾಗಿ ಕಾಡುತ್ತದೆ.

ಲಸಿಕೆಗಳ ವಿಚಾರದಲ್ಲೂ ಗೊಂದಲವಿದೆ. ದಡಾರ, ಸೀತಾಳೆ ಸಿಡುಬಿನಂಥವಕ್ಕೆ (ಚಿಕನ್‌ಪಾಕ್ಸ್) ನೀಡುವ ಜೀವಂತ ಲಸಿಕೆಗಳನ್ನು ಪ್ರಬಲ ಔಷಧ ಸೇವಿಸುತ್ತಿರುವಾಗ ಸಾಮಾನ್ಯವಾಗಿ ನೀಡುವುದಿಲ್ಲ. ಫ್ಲೂ, ನ್ಯುಮೋಕಾಕಸ್ ಮುಂತಾದ ನಿರ್ಜೀವ ಲಸಿಕೆಗಳನ್ನು ಪಡೆಯಬಹುದು, ಆದರೆ ಅವುಗಳ ಫಲ ಕಡಿಮೆ. ಬಿ ಜೀವಕೋಶಗಳೇ ಇಲ್ಲದ ಸಮಯದಲ್ಲಿ ಲಸಿಕೆ ಹಾಕಿಸಿದರೆ ಪ್ರತಿಕಾಯ ತಯಾರಿಸುವವರು ಯಾರು? ಹೀಗಾಗಿ ರಿಟುಕ್ಸಿಮ್ಯಾಬ್ ಆರಂಭಿಸುವ ಮುನ್ನ, ಸಾಧ್ಯವಿದ್ದಲ್ಲಿ ಕನಿಷ್ಠ ನಾಲ್ಕು ವಾರ ಮೊದಲೇ ಲಸಿಕೆಗಳನ್ನು ಮುಗಿಸಿಕೊಳ್ಳುವಂತೆ ತಜ್ಞರು ಸೂಚಿಸುತ್ತಾರೆ; ಆ ಅವಧಿ ತಪ್ಪಿದವರು ಸುಮಾರು ಆರು ತಿಂಗಳು ಕಾಯಬೇಕಾಗುತ್ತದೆ.