200 ಮೆಗಾಪಿಕ್ಸೆಲ್ ಇದ್ದರೆ ಸಾಕೇ? ಕಡಲತೀರದ ಫೋಟೋಗೆ ಸಲಕರಣೆ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮಳೆಗಾಲ ಮುಗಿದು ಆಕಾಶ ತಿಳಿಯಾಗುತ್ತಿದ್ದಂತೆ ಕುಮಟಾ, ಹೊನ್ನಾವರ, ಭಟ್ಕಳದ ಕಡಲತೀರಗಳ ಸೂರ್ಯಾಸ್ತದ ಫೋಟೋಗಳು ವಾಟ್ಸಾಪ್ ಗುಂಪುಗಳಲ್ಲಿ ತುಂಬಿಕೊಳ್ಳುತ್ತವೆ. ಅವುಗಳ ಬೆನ್ನಿಗೇ ಸಲಹೆಗಳೂ ಬರುತ್ತವೆ. "200 ಮೆಗಾಪಿಕ್ಸೆಲ್ ಫೋನ್ ಮುಂದೆ ಕ್ಯಾಮೆರಾ ವೇಸ್ಟ್", "ಐಪಿ68 ಇದ್ದರೆ ಸಮುದ್ರಕ್ಕೂ ಇಳಿಸಬಹುದು", "ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿಡಿ". ಇಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ನಂಬಿದರೆ ಹಣವೂ ಹೋಗಬಹುದು, ಫೋನೂ ಹೋಗಬಹುದು.

ಕುಮಟಾ ತಾಲೂಕಿನ ಹೊಳನಗದ್ದೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇಲ್ಲಿನ ಕಡ್ಲೆ ತೀರದಲ್ಲಿ ಸಂಜೆ ಫೋಟೋ ತೆಗೆಯುವವರಿಗೆ ಮೂರು ಸವಾಲು ಎದುರಾಗುತ್ತವೆ: ನಿಮಿಷ ನಿಮಿಷಕ್ಕೂ ಕಡಿಮೆಯಾಗುವ ಬೆಳಕು, ನಿಲ್ಲದ ಗಾಳಿ ಮತ್ತು ಎಲ್ಲೆಡೆ ಹಾರುವ ಉಪ್ಪುನೀರಿನ ಹನಿ. ನಾವು ಕೊಳ್ಳುವ ಸಲಕರಣೆಯನ್ನು ಅಳೆಯಬೇಕಾದದ್ದು ಈ ಮೂರರಿಂದ, ಡಬ್ಬದ ಮೇಲೆ ಮುದ್ರಿಸಿದ ದೊಡ್ಡ ಸಂಖ್ಯೆಯಿಂದಲ್ಲ. ಒಂದೊಂದೇ ಹೇಳಿಕೆಯನ್ನು ನೋಡೋಣ.

ಹೇಳಿಕೆ 1: ಮೆಗಾಪಿಕ್ಸೆಲ್ ಹೆಚ್ಚಾದಷ್ಟೂ ಫೋಟೋ ಚೆನ್ನಾಗಿರುತ್ತದೆ

ವಾಸ್ತವ: ಅರ್ಧ ನಿಜ.

ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿಗಳು. ಫೋಟೋವನ್ನು ಎಷ್ಟು ದೊಡ್ಡದಾಗಿ ನೋಡಬಹುದು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. 4ಕೆ ಟಿವಿಯ ಪರದೆಯಲ್ಲಿ ಇರುವುದು ಸುಮಾರು 83 ಲಕ್ಷ ಚುಕ್ಕಿಗಳು, ಅಂದರೆ 8 ಮೆಗಾಪಿಕ್ಸೆಲ್ಲಿಗೆ ತುಸು ಹೆಚ್ಚು. 12 ಮೆಗಾಪಿಕ್ಸೆಲ್ ಫೋಟೋವನ್ನು 13 ಇಂಚು ಅಗಲ, 10 ಇಂಚು ಎತ್ತರಕ್ಕೆ ಸ್ಪಷ್ಟವಾಗಿ ಮುದ್ರಿಸಬಹುದು. ವಾಟ್ಸಾಪ್ ಅಂತೂ ನಾವು ಕಳಿಸುವ ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲೂ ಸ್ವಲ್ಪ ಕುಗ್ಗಿಸುವುದು ತಪ್ಪುವುದಿಲ್ಲ.

ಕತ್ತಲಾಗುವ ಹೊತ್ತಿನಲ್ಲಿ ಮುಖ್ಯವಾಗುವುದು ಸೆನ್ಸರ್‌ನ ಗಾತ್ರ. ಅಂಗಳದಲ್ಲಿ ಮಳೆನೀರು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಒಂದು ಹರಿವಾಣದಷ್ಟು ಜಾಗದಲ್ಲಿ ನಾಲ್ಕು ಪಾತ್ರೆ ಇಟ್ಟರೂ ನಲವತ್ತು ಲೋಟ ಇಟ್ಟರೂ ಅಲ್ಲಿ ಬೀಳುವ ಮಳೆ ಅಷ್ಟೇ. ಹೆಚ್ಚು ನೀರು ಬೇಕಾದರೆ ಜಾಗವೇ ದೊಡ್ಡದಿರಬೇಕು. ಸೆನ್ಸರ್ ಬೆಳಕನ್ನು ಹಿಡಿಯುವುದೂ ಹೀಗೆಯೇ.

2023ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾ ಫೋನಿನ 200 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ 0.6 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 36×24 ಮಿ.ಮೀ. ಗಾತ್ರದ 'ಫುಲ್ ಫ್ರೇಮ್' ಸೆನ್ಸರ್ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದೇ ಅಗಲ ಸುಮಾರು 6 ಮೈಕ್ರಾನ್. ಅಂದರೆ ಒಂದು ಪಿಕ್ಸೆಲ್‌ನ ವಿಸ್ತೀರ್ಣ ನೂರು ಪಟ್ಟು, ಇಡೀ ಸೆನ್ಸರ್‌ನ ವಿಸ್ತೀರ್ಣ ಸುಮಾರು 12 ಪಟ್ಟು. ಈ ಕೊರತೆ ಫೋನ್ ತಯಾರಕರಿಗೂ ಗೊತ್ತು. ಅದಕ್ಕೇ ಅಂಥ ಫೋನು ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಫೋಟೋವನ್ನೇ ಕೊಡುತ್ತದೆ.

ಹಾಗೆಂದು ಫೋನು ಕೆಟ್ಟದ್ದೇನಲ್ಲ. ಹಗಲಿನಲ್ಲಿ, ಚೆನ್ನಾಗಿ ಬೆಳಕಿರುವಾಗ, ಮೊಬೈಲಿನಲ್ಲೇ ನೋಡುವ ಫೋಟೋಗೆ ಫೋನು ಧಾರಾಳ ಸಾಕು.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಝಗಮಗಿಸುವ ದೀಪದಡಿ ಎಲ್ಲ ಫೋನುಗಳೂ ಚೆನ್ನಾಗಿಯೇ ತೆಗೆಯುತ್ತವೆ. ಮೇಜಿನ ಕೆಳಗಿನ ಕತ್ತಲ ಮೂಲೆಯನ್ನು ಎರಡು ಫೋನಿನಲ್ಲೂ ತೆಗೆದು ದೊಡ್ಡದು ಮಾಡಿ ನೋಡಿ. ಬಣ್ಣ ಕಲಸಿ ಮೇಣದಂತೆ ಕಂಡರೆ ಸೂರ್ಯ ಮುಳುಗಿದ ಮೇಲೆ ಕಡಲೂ ಹಾಗೆಯೇ ಕಾಣುತ್ತದೆ.

ಹೇಳಿಕೆ 2: ಈಗಿನ ಫೋನಿಗೆ ಟ್ರೈಪಾಡ್ ಬೇಕಿಲ್ಲ

ವಾಸ್ತವ: ಹಗಲಿನಲ್ಲಿ ಬೇಕಿಲ್ಲ, ಮುಸ್ಸಂಜೆಯಲ್ಲಿ ಬೇಕು.

ಫೋನಿನ ಒಳಗಿನ ವ್ಯವಸ್ಥೆ ಕೈನಡುಕವನ್ನು ಒಂದು ಮಿತಿಯವರೆಗೆ ಸರಿದೂಗಿಸುತ್ತದೆ. ಬೆಳಕು ಇಳಿದ ಮೇಲೆ ಶಟರ್ ಒಂದು ಸೆಕೆಂಡ್, ಎರಡು ಸೆಕೆಂಡ್ ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತು ಅಲುಗದೆ ಹಿಡಿಯುವುದು ಕಷ್ಟ. ಅಲೆಗಳು ಹಾಲಿನಂತೆ, ಮಂಜಿನಂತೆ ಕಾಣುವ ಫೋಟೋಗಳ ಗುಟ್ಟೂ ಇದೇ.

ಟ್ರೈಪಾಡ್ ಕೊಳ್ಳುವಾಗ ಕಾಲುಗಳನ್ನು ಪೂರ್ತಿ ಚಾಚಿ, ತಲೆಭಾಗವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಡುಕ ತಕ್ಷಣ ನಿಂತರೆ ಒಳ್ಳೆಯದು. ನಡುವಿನ ಕಂಬವನ್ನು ಮೇಲೆತ್ತಿದಷ್ಟೂ ಸ್ಥಿರತೆ ಕಡಿಮೆ, ಹಾಗಾಗಿ ಕಂಬ ಎತ್ತದೆಯೇ ಸಾಕಷ್ಟು ಎತ್ತರ ಬರುವಂಥದ್ದನ್ನು ಆರಿಸಿ. ಗಾಳಿಯಲ್ಲಿ ಚೀಲ ತೂಗುಹಾಕಲು ಕೆಳಗೆ ಕೊಕ್ಕೆ ಇದ್ದರೆ ಅನುಕೂಲ. ಬಟನ್ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಬಳಸಿ. ಮನೆಗೆ ಬಂದ ಮೇಲೆ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು ಮತ್ತು ಮರಳು ಕೂತರೆ ಕೀಲುಗಳು ಬೇಗ ಹಿಡಿದುಕೊಳ್ಳುತ್ತವೆ.

ಹೇಳಿಕೆ 3: ಫಿಲ್ಟರ್‌ಗಳೆಲ್ಲ ಆ್ಯಪ್‌ನಲ್ಲೇ ಸಿಗುತ್ತವೆ, ಗಾಜಿಗೆ ದುಡ್ಡು ದಂಡ

ವಾಸ್ತವ: ಒಂದು ಫಿಲ್ಟರ್ ಆ್ಯಪ್‌ನಲ್ಲಿ ಸಿಗುವುದಿಲ್ಲ. ಅದು ಪೋಲರೈಸರ್.

ಮಳೆಯಲ್ಲಿ ನೆನೆದ ಎಲೆ, ಪಾಚಿ, ಕಲ್ಲು ಬೆಳಕನ್ನು ಪ್ರತಿಫಲಿಸಿ ಬೆಳ್ಳಗೆ ಹೊಳೆಯುತ್ತವೆ. ಆ ಹೊಳಪಿನಡಿ ನಿಜವಾದ ಹಸಿರು ಮುಚ್ಚಿಹೋಗುತ್ತದೆ. ಪೋಲರೈಸರ್ ಆ ಪ್ರತಿಫಲನದ ಬಹುಪಾಲನ್ನು ಲೆನ್ಸ್‌ಗೆ ಬರುವ ಮೊದಲೇ ತಡೆಯುತ್ತದೆ. ಸೆನ್ಸರ್‌ಗೆ ತಲುಪದೇ ಹೋದ ಹಸಿರನ್ನು ಆಮೇಲೆ ಆ್ಯಪ್ ಹುಡುಕಿ ತರಲಾರದು. ಮಳೆಗಾಲದಲ್ಲಿ ಮಿರ್ಜಾನ್ ಕೋಟೆಯ ಪಾಚಿ ಹಿಡಿದ ಗೋಡೆ, ಯಾಣದ ಕಾಡು ತೆಗೆಯುವವರಿಗೆ ಇದು ತುಂಬ ಉಪಯುಕ್ತ. ಮುಳುಗುವ ಸೂರ್ಯನಿಗೆ ನೇರ ಮುಖ ಮಾಡಿ ನಿಂತಾಗ ಆಕಾಶದ ಮೇಲೆ ಇದರ ಪರಿಣಾಮ ಅಷ್ಟಿಲ್ಲ. ಸೂರ್ಯ ನಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಹೆಚ್ಚು.

ಅಸಲಿಯೋ ನಕಲಿಯೋ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಫಿಲ್ಟರ್‌ನ ಮುಂಭಾಗವನ್ನು ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯ ಕಡೆಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಬಹುತೇಕ ಕಪ್ಪಾಗಬೇಕು. ಆಗದಿದ್ದರೆ ಅದು ಬರೀ ಬಣ್ಣದ ಗಾಜು.

ಇನ್ನೊಂದು, ಬೆಳಕನ್ನು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್. 'ಎನ್‌ಡಿ1000' ಬೆಳಕನ್ನು ಸಾವಿರದ ಒಂದು ಪಾಲಿಗೆ ಇಳಿಸುತ್ತದೆ. 1/60 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಫೋಟೋಗೆ ಆಗ ಸುಮಾರು 17 ಸೆಕೆಂಡ್ ಬೇಕಾಗುತ್ತದೆ, ಅಲೆ ಮಂಜಾಗುತ್ತದೆ. ಇದನ್ನು ಕೆಲವು ಫೋನುಗಳು ಹಲವು ಫೋಟೋ ಬೆರೆಸಿ ಸಾಧಿಸುತ್ತವೆ. ಆದ್ದರಿಂದ ಇದು ಮೊದಲು ಕೊಳ್ಳಬೇಕಾದದ್ದಲ್ಲ.

ಹೇಳಿಕೆ 4: ಐಪಿ68 ಫೋನನ್ನು ಸಮುದ್ರದಲ್ಲಿ ಮುಳುಗಿಸಬಹುದು

ವಾಸ್ತವ: ತಪ್ಪು.

6 ಎಂದರೆ ಧೂಳು ಒಳಗೆ ಹೋಗದು. 8 ಎಂದರೆ ತಯಾರಕರು ಹೇಳಿದಷ್ಟು ಆಳ, ಹೇಳಿದಷ್ಟು ಹೊತ್ತು ನೀರಿನಲ್ಲಿದ್ದರೂ ತಡೆಯುತ್ತದೆ. ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಇರುತ್ತದೆ. ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಲೋಹವನ್ನು ತಿನ್ನುತ್ತದೆ. ಒಮ್ಮೆ ಕೆಳಗೆ ಬಿದ್ದ ಅಥವಾ ಬಿಚ್ಚಿ ರಿಪೇರಿ ಮಾಡಿದ ಫೋನಿನಲ್ಲಿ ನೀರು ತಡೆಯುವ ಅಂಟು ಸಡಿಲವಾಗಿರಬಹುದು. ನೀರು ಹೋಗಿ ಕೆಟ್ಟರೆ ಸಾಮಾನ್ಯ ವಾರಂಟಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಹೇಳಿಕೆ 5: ಒದ್ದೆ ಫೋನಿಗೆ ಅಕ್ಕಿಯೇ ಮದ್ದು

ವಾಸ್ತವ: ತಪ್ಪು.

ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು, ಅಕ್ಕಿಯಲ್ಲಿಡಬೇಡಿ ಎಂದು ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ಅಕ್ಕಿ ಉಪ್ಪನ್ನಂತೂ ತೆಗೆಯುವುದಿಲ್ಲ. ಉಪ್ಪುನೀರಿಗೆ ಬಿದ್ದ ಫೋನನ್ನು ತಕ್ಷಣ ಆಫ್ ಮಾಡಿ. ನೀರು ತಡೆಯುವ ಫೋನಾದರೆ ಸಿಹಿನೀರಿನಲ್ಲಿ ಹಗುರವಾಗಿ ತೊಳೆದು, ಒರೆಸಿ, ಗಾಳಿಯಾಡುವ ಕಡೆ ಇಡಿ. ಆ ಗುಣವಿಲ್ಲದ ಫೋನನ್ನು ತೊಳೆಯಬೇಡಿ, ಬೇಗ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಲೇಬೇಡಿ.

ಲೆನ್ಸ್ ಮೇಲೆ ಬಿದ್ದ ಹನಿಯನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಒಣಗಿದ ಉಪ್ಪಿನ ಹರಳು ಗೀರು ಮೂಡಿಸುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬಲ್ಬ್, ಆಮೇಲೆ ಸಿಹಿನೀರಿನಲ್ಲಿ ತುಸು ನೆನೆಸಿದ ಮೆತ್ತನೆಯ ಲೆನ್ಸ್ ಬಟ್ಟೆ.

ಹೇಳಿಕೆ 6: ಕ್ಯಾಮೆರಾ ಕೆಡದಿರಲು ಚರ್ಮದ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿಡಿ

ವಾಸ್ತವ: ಕರಾವಳಿಯಲ್ಲಿ ಇದು ಬೂಷ್ಟಿಗೆ ಆಹ್ವಾನ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದು. ಚರ್ಮ ತೇವವನ್ನು ಹಿಡಿದಿಡುತ್ತದೆ. ಕತ್ತಲು, ತೇವ, ನಿಂತ ಗಾಳಿ ಸೇರಿದರೆ ಲೆನ್ಸ್‌ನ ಒಳಗೆ ಬೂಷ್ಟು ಬೆಳೆಯುತ್ತದೆ. ಅದು ಗಾಜಿನ ಲೇಪನವನ್ನು ತಿಂದರೆ ಶುಚಿಮಾಡಿದರೂ ಕಲೆ ಉಳಿಯುತ್ತದೆ.

ಇದಕ್ಕೆ ದುಬಾರಿ ಕಪಾಟು ಬೇಕಿಲ್ಲ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50 ಪ್ರತಿಶತದ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಆದರೆ ಅಡುಗೆ ಪಾತ್ರೆಯಲ್ಲಿ ಬೇಡ, ನೀಲಿ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬಿಡಿ. ತಿರುಗಿಸುವ ಬಳೆಯಲ್ಲಿ ಮರಳಿನ ಸದ್ದು, ಸ್ಕ್ರೂಗಳಲ್ಲಿ ತುಕ್ಕು, ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ಆ ಕ್ಯಾಮೆರಾ ಕಡಲನ್ನು ಹತ್ತಿರದಿಂದ ಕಂಡಿದೆ ಎಂದರ್ಥ.

ಹೇಳಿಕೆ 7: 250 ಗ್ರಾಂ ಒಳಗಿನ ಡ್ರೋನ್ ಎಲ್ಲಿ ಬೇಕಾದರೂ ಹಾರಿಸಬಹುದು

ವಾಸ್ತವ: ತಪ್ಪು.

2021ರ ಡ್ರೋನ್ ನಿಯಮಗಳು ಸಣ್ಣ ಡ್ರೋನ್‌ಗೆ ಕೆಲವು ವಿನಾಯಿತಿ ಕೊಟ್ಟಿವೆ, ನಿಷೇಧಿತ ವಲಯದಿಂದ ವಿನಾಯಿತಿ ಕೊಟ್ಟಿಲ್ಲ. ಉತ್ತರ ಕನ್ನಡದಲ್ಲೇ ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರ ಇವೆ. ಹಾರಿಸುವ ಮುನ್ನ ಸರ್ಕಾರದ ವಲಯ ನಕ್ಷೆ ನೋಡಿ.

ಹಾಗಾದರೆ ಮೊದಲು ಏನು ಕೊಳ್ಳಬೇಕು?

ಕೈಯಲ್ಲಿ ಸುಮಾರಾದ ಫೋನ್ ಇದ್ದರೆ ಮೊದಲು ಗಟ್ಟಿಯಾದ ಟ್ರೈಪಾಡ್. ಆಮೇಲೆ ಬಿಗಿ ಡಬ್ಬಿ ಮತ್ತು ಸಿಲಿಕಾ ಜೆಲ್. ಕ್ಯಾಮೆರಾ ಬೇಕೇ ಬೇಕೆನಿಸಿದರೆ ಅದರ ಜೊತೆಗೇ ಬರುವ 18-55 ಮಿ.ಮೀ. ಲೆನ್ಸ್ ಆರಂಭಕ್ಕೆ ಸಾಕು. ಎಫ್/8ರ ಆಸುಪಾಸಿನಲ್ಲಿ ಇಂಥ ಲೆನ್ಸ್‌ಗಳೂ ಸ್ಪಷ್ಟ ಚಿತ್ರ ಕೊಡುತ್ತವೆ. ಪೋಲರೈಸರ್ ಅದರ ನಂತರ. ಆಪ್ಟಿಕಲ್ ವ್ಯೂಫೈಂಡರ್ ಇರುವ ಕ್ಯಾಮೆರಾದಲ್ಲಿ ಸೂರ್ಯನನ್ನು ನೇರವಾಗಿ ನೋಡಬೇಡಿ, ಕಣ್ಣಿನ ಪಾಪೆಯ ಹಿಂದಿನ ಅಕ್ಷಿಪಟಲ ಸುಟ್ಟುಹೋಗಬಹುದು.

ಕೊನೆಯದಾಗಿ, ಯಾವ ಅಂಗಡಿಯಲ್ಲೂ ಸಿಗದ ಒಂದು ಸಲಕರಣೆ: ಎಚ್ಚರ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲನ್ನು ಬಲ್ಲವರ ದೋಣಿಗಳೇ ದಡದಲ್ಲಿರುವಾಗ ಒದ್ದೆ ಬಂಡೆಯ ತುದಿಯಲ್ಲಿ ಟ್ರೈಪಾಡ್ ಊರುವುದು ಜಾಣತನವಲ್ಲ. ಎತ್ತರದ ಅಲೆಗಳ ಬಗ್ಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎಚ್ಚರಿಕೆ ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ನೋಡಿ, ಊರಿನ ಮೀನುಗಾರರನ್ನೂ ಒಂದು ಮಾತು ಕೇಳಿ.

ಮುಂದಿನ ಸಲ "ಈ ಫೋನ್ ಕೊಳ್ಳಿ" ಎಂಬ ಸಂದೇಶ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಹಾಕಿ: "ಸೂರ್ಯ ಮುಳುಗಿದ ಮೇಲೆ ತೆಗೆದ ಫೋಟೋ ಇದೆಯೇ?" ಉತ್ತರ ಬಂದ ಮೇಲೆ ಫಾರ್ವರ್ಡ್ ಮಾಡಬಹುದು.